ಹೊಳೆಯ ಲೆಕ್ಕ ಯಾರ ಕೈಯಲ್ಲಿ?

ಮಳೆಗಾಲ ಶುರುವಾಯಿತೆಂದರೆ ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಕಾಣಿಸಿಕೊಳ್ಳುತ್ತದೆ. ನೇತ್ರಾವತಿ ಉಪ್ಪಿನಂಗಡಿಯಲ್ಲಿ ಇಷ್ಟು ಮೀಟರ್, ಬಂಟ್ವಾಳದಲ್ಲಿ ಇಷ್ಟು ಮೀಟರ್. ಪಕ್ಕದಲ್ಲೇ ಅಪಾಯದ ಮಟ್ಟ: ಉಪ್ಪಿನಂಗಡಿಯಲ್ಲಿ 31.5, ಬಂಟ್ವಾಳದಲ್ಲಿ 8.5. ಪೇಟೆಯಲ್ಲಿರುವವರು ಇದನ್ನು ಓದದೆ ಪುಟ ತಿರುಗಿಸಬಹುದು. ಹೊಳೆಬದಿಯಲ್ಲಿ ಮನೆ, ತೋಟ ಇರುವ ನಮ್ಮಂಥವರು ಪತ್ರಿಕೆ ಕೈಗೆ ಬಂದ ಕೂಡಲೇ ಹುಡುಕುವುದು ಅದನ್ನೇ. ಆದರೆ ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಡಬೇಕೆಂದು ಯಾರಿಗೂ ಅನಿಸಿದಂತೆಯೂ ಇಲ್ಲ.

ದೂರದ ನೆಂಟರು ಫೋನ್ ಮಾಡಿ, "ಉಪ್ಪಿನಂಗಡಿಯಲ್ಲಿ ಮೂವತ್ತೊಂದು ಮೀಟರ್ ನೀರು ಬಂದಿದೆಯಂತಲ್ಲ, ನೀವೆಲ್ಲ ಹೇಗಿದ್ದೀರಿ?" ಎಂದು ಗಾಬರಿಯಿಂದ ಕೇಳುವುದುಂಟು. ಮೂವತ್ತೊಂದು ಮೀಟರ್ ಎಂದರೆ ನೂರಡಿ. ಅಷ್ಟು ಆಳದ ನೀರು ಬಂದರೆ ಫೋನ್ ತೆಗೆಯಲು ಯಾರೂ ಉಳಿಯುವುದಿಲ್ಲ. ಅದು ಹೊಳೆಯ ಆಳವಲ್ಲ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ಪ್ರತಿ ಅಳತೆಪಟ್ಟಿಗೂ ತನ್ನದೇ ಆದ ಸೊನ್ನೆ ಇರುತ್ತದೆ. ಒಂದು ಊರಿನ ಸಂಖ್ಯೆಯನ್ನು ಇನ್ನೊಂದು ಊರಿನ ಸಂಖ್ಯೆಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಎರಡೇ: ಅದೇ ಊರಿನ ಅಪಾಯದ ಮಟ್ಟಕ್ಕೆ ಇನ್ನೆಷ್ಟು ಬಾಕಿ ಇದೆ, ಕಳೆದ ಒಂದು ಗಂಟೆಯಲ್ಲಿ ಎಷ್ಟು ಏರಿದೆ. ಎರಡನೆಯದು ಪತ್ರಿಕೆಯಲ್ಲಿ ಬರುವುದಿಲ್ಲ. ಪತ್ರಿಕೆಯಲ್ಲಿ ಬರುವುದು ನಿನ್ನೆಯ ನೀರು.

ಮೀಟರು, ಸೆಂಟಿಮೀಟರು ಬರುವ ಮೊದಲೂ ಹೊಳೆಬದಿಯವರಲ್ಲಿ ಅಳತೆ ಇತ್ತು. ನಮ್ಮ ಮನೆಯಲ್ಲಿ ಅದನ್ನು ಬಾಯಿಪಾಠ ಮಾಡಿಸಿದವರು ಉಮ್ಮ. ನೀರು ಕಡವಿನ ಹತ್ತಿರದ ತೆಂಗಿನ ಬುಡ ಮುಟ್ಟಿದರೆ ಅಕ್ಕಿ ಮುಡಿಗಳನ್ನು ಅಟ್ಟಕ್ಕೆ ಏರಿಸಬೇಕು. ಹಟ್ಟಿಯ ಕಲ್ಲಿಗೆ ಬಂದರೆ ದನಗಳ ಹಗ್ಗ ಬಿಚ್ಚಬೇಕು. ಜಗಲಿಯ ಕೆಳಗಿನ ಮೆಟ್ಟಿಲಿಗೆ ಬಂದರೆ ಮತ್ತೆ ಮಾತಿಲ್ಲ, ಮಕ್ಕಳನ್ನು ಎತ್ತಿಕೊಂಡು ಗುಡ್ಡೆಯ ಮೇಲಿನ ಮನೆಗೆ ನಡೆಯಬೇಕು. ಆ ಗುಡ್ಡೆಯ ಮನೆ ಹಿಂದೂಗಳದ್ದು. ಪ್ರತಿ ಮಳೆಗಾಲ ಅವರ ಚಾವಡಿಯಲ್ಲಿ ನಮಗಾಗಿ ಒಂದು ಮೂಲೆ ಖಾಲಿ ಇರುತ್ತಿತ್ತು. ಕೇಳಿ ಪಡೆದದ್ದಲ್ಲ, ಹೊಳೆ ಮಾಡಿಕೊಟ್ಟ ಒಪ್ಪಂದ. ಎರಡೂ ಮನೆಯ ಹಿರಿಯರ ಮಾತಿನಲ್ಲಿ ಎರಡು ಇಸವಿಗಳು ಮತ್ತೆ ಮತ್ತೆ ಬರುತ್ತಿದ್ದವು. ಒಂದು, ಮಾರಿ ಬೊಳ್ಳ ಎಂದು ಕರೆಯುತ್ತಿದ್ದ 1923ರ ನೆರೆ. ಇನ್ನೊಂದು 1974ರದ್ದು. ಯಾರ ಮನೆಯ ಯಾವ ಕಿಟಕಿಯವರೆಗೆ ನೀರು ಬಂದಿತ್ತೆಂದು ಅವರು ಬೆರಳು ತೋರಿಸಿ ಹೇಳುತ್ತಿದ್ದರು. ಆ ಬೆರಳುಗಳೇ ನಮ್ಮ ದಾಖಲೆ ಪುಸ್ತಕ. ಅವರು ಹೋದ ಮೇಲೆ ಪುಸ್ತಕವೂ ಹೋಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿದವರಿಗೆ ಕಿಟಕಿಯ ಲೆಕ್ಕ ಎಲ್ಲಿಂದ ಸಿಗಬೇಕು?

ಮೆಟ್ಟಿಲಿನ ಅಳತೆಗೆ ಇನ್ನೊಂದು ಮಿತಿಯೂ ಇದೆ. ಅದು ನೀರು ಎಲ್ಲಿಗೆ ಬಂದಿದೆ ಎಂದಷ್ಟೇ ಹೇಳುತ್ತದೆ, ಎಷ್ಟು ಹರಿಯುತ್ತಿದೆ ಎಂದು ಹೇಳುವುದಿಲ್ಲ. ಮಟ್ಟ ಬೇರೆ, ಹರಿವು ಬೇರೆ. ಹರಿವನ್ನು ಅಳೆಯುವವರು ಮಾಡುವ ಕೆಲಸ ನೋಡಲು ಸರಳ, ಮಾಡಲು ಕಷ್ಟ. ಹೊಳೆಯ ಅಗಲವನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡುತ್ತಾರೆ. ಪ್ರತಿ ಪಟ್ಟಿಯಲ್ಲೂ ಆಳ ನೋಡುತ್ತಾರೆ. ಸಣ್ಣ ಬಟ್ಟಲುಗಳು ಗಿರಗಿರನೆ ತಿರುಗುವ ಒಂದು ಯಂತ್ರವನ್ನು ಇಳಿಸಿ ವೇಗ ನೋಡುತ್ತಾರೆ. ನೀರಿನ ವೇಗ ಮೇಲ್ಭಾಗದಲ್ಲಿ ಹೆಚ್ಚು, ತಳದಲ್ಲಿ ಕಡಿಮೆ. ಆದ್ದರಿಂದ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಯಂತ್ರ ಹಿಡಿದರೆ ಸುಮಾರಾಗಿ ಸರಾಸರಿ ವೇಗ ಸಿಗುತ್ತದೆ. ವಿಸ್ತೀರ್ಣವನ್ನು ವೇಗದಿಂದ ಗುಣಿಸಿ ಎಲ್ಲ ಪಟ್ಟಿಗಳನ್ನು ಕೂಡಿಸಿದರೆ ಹರಿವು. ಬೇರೆ ಬೇರೆ ಮಟ್ಟದಲ್ಲಿ ಹೀಗೆ ಹಲವು ಸಲ ಅಳೆದು, ಇಂಥ ಮಟ್ಟಕ್ಕೆ ಇಂಥ ಹರಿವು ಎಂಬ ಒಂದು ಗೆರೆ ಎಳೆದುಕೊಳ್ಳುತ್ತಾರೆ. ಆ ಮೇಲೆ ದಿನವೂ ನೀರಿಗಿಳಿಯಬೇಕಾಗಿಲ್ಲ. ಮಟ್ಟ ನೋಡಿದರೆ ಗೆರೆಯೇ ಹರಿವನ್ನು ಹೇಳುತ್ತದೆ.

ಆದರೆ ಗೆರೆ ಸುಳ್ಳು ಹೇಳುವ ಸಂದರ್ಭಗಳಿವೆ. ದೊಡ್ಡ ನೆರೆಯಲ್ಲಿ ಯಾರೂ ನೀರಿಗೆ ಯಂತ್ರ ಇಳಿಸಲಾರರು. ಮರದ ದಿಮ್ಮಿಗಳು ಬಡಿದು ಎಲ್ಲವನ್ನೂ ಎಳೆದೊಯ್ಯುತ್ತವೆ. ಹಾಗಾಗಿ ಗೆರೆಯ ಮೇಲಿನ ತುದಿ ಬಹುಮಟ್ಟಿಗೆ ಅಂದಾಜು. ಹೊಯಿಗೆ ತೆಗೆದು ತೆಗೆದು ಹೊಳೆಯ ತಳ ಕುಸಿದರೆ ಹಳೆಯ ಗೆರೆ ಕೆಲಸಕ್ಕೆ ಬಾರದು. ಹೂಳು ತುಂಬಿ ತಳ ಏರಿದರೂ ಅಷ್ಟೆ. ಇನ್ನು ಉಪ್ಪಿನಂಗಡಿಯಂಥ ಜಾಗ. ಅಲ್ಲಿ ಕುಮಾರಧಾರಾ ಬಂದು ನೇತ್ರಾವತಿಯನ್ನು ಸೇರುತ್ತದೆ. ಕುಮಾರಧಾರಾ ಉಕ್ಕಿದ ದಿನ ನೇತ್ರಾವತಿಯ ನೀರು ಮುಂದೆ ಹೋಗಲಾಗದೆ ಹಿಮ್ಮೆಟ್ಟಿ ನಿಲ್ಲುತ್ತದೆ. ಹರಿವು ಕಡಿಮೆ, ಮಟ್ಟ ಮಾತ್ರ ಏರುತ್ತಲೇ ಇರುತ್ತದೆ. ಎರಡೂ ಉಕ್ಕಿ ಸಹಸ್ರಲಿಂಗೇಶ್ವರ ದೇವಾಲಯದ ಅಂಗಳದಲ್ಲಿ ಸೇರಿದಾಗ ಊರವರು ಸಂಗಮವಾಯಿತೆಂದು ಬಾಗಿನ ಅರ್ಪಿಸುತ್ತಾರೆ. ಅದೇ ಗಳಿಗೆಯಲ್ಲಿ ಸ್ವಲ್ಪ ಮೇಲಿನ ಗದ್ದೆಯವನ ಎದೆ ಡವಡವ ಎನ್ನುತ್ತಿರುತ್ತದೆ.

ಗಟ್ಟದ ಹೊಳೆಯ ಸ್ವಭಾವವೇ ಬೇರೆ. ಬಯಲಿನ ದೊಡ್ಡ ನದಿ ಏರಲು ದಿನಗಳನ್ನು ತೆಗೆದುಕೊಳ್ಳುತ್ತದೆ. ನೇತ್ರಾವತಿ ಕುದುರೆಮುಖದ ಸೆರಗಿನಿಂದ ಹೊರಟು ಸುಮಾರು ನೂರು ಕಿಲೋಮೀಟರಿನಲ್ಲೇ ಮಂಗಳೂರಿನ ಕಡಲು ಸೇರುತ್ತದೆ. ಎತ್ತರದ ಬಹುಪಾಲನ್ನು ಮೊದಲಿನ ಕೆಲವೇ ಕಿಲೋಮೀಟರಿನಲ್ಲಿ ಇಳಿದುಬಿಡುತ್ತದೆ. ನೀರನ್ನು ತಡೆದು ನಿಲ್ಲಿಸುವ ದೊಡ್ಡ ಜಲಾಶಯ ಮೇಲೆಲ್ಲೂ ಇಲ್ಲ. ಗಟ್ಟದಲ್ಲಿ ಮಧ್ಯಾಹ್ನ ಸುರಿದದ್ದು ಸಂಜೆಗೆ ನಮ್ಮ ಬಾಗಿಲಲ್ಲಿ. ಕೇಂದ್ರ ಜಲ ಆಯೋಗ ದಶಕಗಳಿಂದ ಮಟ್ಟವನ್ನೂ ಹರಿವನ್ನೂ ಅಳೆಯುತ್ತಿರುವುದು ಕೆಳಗೆ ಬಂಟ್ವಾಳದಲ್ಲಿ. ಅಲ್ಲಿಗೆ ಬಂದು ಸೇರುವುದು ಸುಮಾರು 3,200 ಚದರ ಕಿಲೋಮೀಟರ್ ಪ್ರದೇಶದ ನೀರು. ಅಷ್ಟು ದೊಡ್ಡ ಪ್ರದೇಶದ ಒಂದು ಮೂಲೆಯಲ್ಲಿ ಪ್ರಳಯವಾದರೂ ಬಂಟ್ವಾಳದ ಪಟ್ಟಿ ಅದನ್ನು ಕೂಡಲೇ ತೋರಿಸುವುದಿಲ್ಲ. ತೋರಿಸುವ ಹೊತ್ತಿಗೆ ಮೇಲೆ ಆಗಬೇಕಾದದ್ದು ಆಗಿ ಮುಗಿದಿರುತ್ತದೆ.

2019ರ ಆಗಸ್ಟ್ 9 ಇದನ್ನು ಕಲಿಸಿತು. ಅಂದು ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆಗಳಲ್ಲಿ ಗುಡ್ಡ ಕುಸಿದು, ಮರಗಳು ಬುಡಸಹಿತ ಬಂದು, ಹೊಳೆಗಳು ತಮ್ಮ ದಾರಿಯನ್ನೇ ಬದಲಿಸಿದವು. ತೋಟಗಳು ಕಲ್ಲು, ಮರಳಿನ ರಾಶಿಯಾದವು. ಬಕ್ರೀದಿಗೆ ಮೂರು ದಿನ ಉಳಿದಿತ್ತು. ನಮಗೆ ಎಚ್ಚರಿಕೆ ಬಂದದ್ದು ಯಾವ ಕಚೇರಿಯಿಂದಲೂ ಅಲ್ಲ, ಮೇಲಿನ ಊರಿನ ಪರಿಚಯದವರೊಬ್ಬರಿಂದ. "ಕಾಕಾ, ಇಲ್ಲಿ ಸಂಕದ ಮೇಲಿಂದ ನೀರು ಹೋಗ್ತಾ ಉಂಟು, ನೀರಲ್ಲ, ಬರೀ ಮರ. ನೀವು ಕೂತ್ಕೊಳ್ಬೇಡಿ" ಎಂದು ಅವರು ಹೇಳಿದ್ದಷ್ಟೇ ಕೇಳಿಸಿತು, ಸಂಪರ್ಕ ಕಡಿಯಿತು. ನಾವು ಕೂರಲಿಲ್ಲ. ದನಗಳನ್ನು ಬಿಟ್ಟೆವು, ಉಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡೆಗೆ ಹೊತ್ತೆವು, ಕೆಳಗಿನ ನಾಲ್ಕು ಮನೆಗಳಿಗೆ ಫೋನ್ ಮಾಡಿದೆವು. ಕತ್ತಲಾದ ಮೇಲೆ ನೀರು ಬಂದಾಗ ಆ ಮನೆಗಳಲ್ಲಿ ಯಾರೂ ಇರಲಿಲ್ಲ. ಮರುದಿನ ಬಂಟ್ವಾಳದಲ್ಲಿ ನದಿ ಅಪಾಯದ ಮಟ್ಟವನ್ನು ಎರಡು ಮೀಟರಿಗೂ ಹೆಚ್ಚು ಮೀರಿ ಹರಿಯಿತು. ನಮ್ಮನ್ನು ಉಳಿಸಿದ್ದು ಆ ಸಂಖ್ಯೆಯಲ್ಲ, ಹಿಂದಿನ ದಿನದ ಆ ಅರ್ಧ ನಿಮಿಷದ ಮಾತು.

ಆ ವರ್ಷದಿಂದ ನಾವು ಕೆಲವರು ಒಂದು ಕೆಲಸ ಮಾಡುತ್ತಿದ್ದೇವೆ. ಗಟ್ಟದ ಬುಡದಿಂದ ಉಪ್ಪಿನಂಗಡಿಯವರೆಗೆ ಹೊಳೆಬದಿಯ ಐದು ಕಡೆ ಸಂಕದ ಕಂಬಕ್ಕೋ ಬಂಡೆಗೋ ಅರ್ಧ ಅಡಿಗೊಂದರಂತೆ ಬಿಳಿ ಬಣ್ಣದ ಗೆರೆ ಎಳೆದಿದ್ದೇವೆ. ಬೆಳಿಗ್ಗೆ, ಸಂಜೆ ಒಬ್ಬೊಬ್ಬರು ನೋಡಿ ಶಾಲೆಯ ನೋಟುಪುಸ್ತಕದಲ್ಲಿ ಬರೆಯುತ್ತಾರೆ. ಮಳೆ ಜೋರಾದರೆ ಗಂಟೆಗೊಮ್ಮೆ. ಬರೆಯುವವರಲ್ಲಿ ಹಾಲು ಹಾಕುವವರು, ಅಡಿಕೆ ಕೃಷಿಕರು, ಮದ್ರಸದ ಒಬ್ಬ ಉಸ್ತಾದರು, ಅಂಗನವಾಡಿಯ ಒಬ್ಬ ಟೀಚರ್ ಇದ್ದಾರೆ. ಇಷ್ಟು ವರ್ಷಗಳಲ್ಲಿ ಅವರಿಗೆ ಒಂದು ವಿಷಯ ಸ್ಪಷ್ಟವಾಗಿದೆ: ಮೇಲಿನ ಸಂಕದಲ್ಲಿ ಗಂಟೆಯೊಳಗೆ ಮೂರು ಗೆರೆ ಮುಳುಗಿದರೆ ಕೆಳಗಿನವರು ಕಾಯುತ್ತ ಕೂರಬಾರದು. ಇದು ವಿಜ್ಞಾನಿಗಳ ಅಳತೆಯಲ್ಲ. ಆದರೆ ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಕಂಡದ್ದನ್ನು ಕಂಡಹಾಗೆ ಬರೆದದ್ದು.

ಆ ಪುಸ್ತಕದ ಬೆಲೆ ಇನ್ನೊಂದು ರೀತಿಯಲ್ಲೂ ಗೊತ್ತಾಯಿತು. ಒಂದು ಮಳೆಗಾಲದಲ್ಲಿ ಉಪಹೊಳೆಯೊಂದು ಉಕ್ಕಿ ನಮ್ಮ ನೆರೆಯ ವೃದ್ಧರೊಬ್ಬರ ತೋಟ ಹಾಳಾಯಿತು. ಪರಿಹಾರಕ್ಕೆ ಅರ್ಜಿ ಹಾಕಿದರು. ಕಚೇರಿಯಲ್ಲಿ ಸಿಕ್ಕಿದ ಉತ್ತರ, "ಆ ದಿನ ನದಿ ಅಪಾಯದ ಮಟ್ಟ ಮುಟ್ಟಿಯೇ ಇಲ್ಲವಲ್ಲ" ಎಂದು. ಯಾವ ನದಿ, ಎಲ್ಲಿಯ ಮಟ್ಟ ಎಂದು ಕೇಳಿದರೆ ತೋರಿಸಿದ್ದು ಎಷ್ಟೋ ಕಿಲೋಮೀಟರ್ ಕೆಳಗಿನ ಪೇಟೆಯ ಸಂಖ್ಯೆ. ಆ ಉಪಹೊಳೆಗೆ ಅಳತೆಪಟ್ಟಿಯೇ ಇಲ್ಲ. ಅಳತೆ ಇಲ್ಲದ್ದರಿಂದ ನೆರೆಯೂ ಇಲ್ಲ! ನಾವು ನೋಟುಪುಸ್ತಕದ ಪುಟಗಳನ್ನು, ಗೆರೆ ಮುಳುಗಿದ ಫೋಟೋಗಳನ್ನು ಒಯ್ದು ಮೇಜಿನ ಮೇಲಿಟ್ಟೆವು. ಇದಕ್ಕೆ ಮೊಹರು ಇಲ್ಲ ಎಂದರು. ಕೊನೆಗೆ ಸ್ಥಳಕ್ಕೆ ಬಂದು ನೋಡಿದರು, ಸ್ವಲ್ಪ ಹಣವೂ ಬಂತು. ಮೊಹರಿಲ್ಲದ ಪುಸ್ತಕ ಇಲ್ಲದಿದ್ದರೆ ಅವರು ಗೇಟಿನ ಹೊರಗೇ ಉಳಿಯುತ್ತಿದ್ದರು.

ನೀರಿನ ಅಳತೆಗೂ ಅಧಿಕಾರಕ್ಕೂ ಇರುವ ಈ ಸಂಬಂಧ ಹೊಸದೇನಲ್ಲ. ಕೈರೋ ನಗರದ ರೋಡಾ ದ್ವೀಪದಲ್ಲಿ ನೈಲ್ ನದಿಯ ಅಳತೆಗೋಲು ಇಂದಿಗೂ ನಿಂತಿದೆ. ಮಿಕ್ಯಾಸ್ ಎಂದು ಅದರ ಹೆಸರು. ಅಬ್ಬಾಸಿ ಖಲೀಫ ಅಲ್-ಮುತವಕ್ಕಿಲ್ ಕಾಲದಲ್ಲಿ, 861ರಲ್ಲಿ ಕಟ್ಟಿದ್ದು. ಖಗೋಳ ವಿಜ್ಞಾನಿ ಅಲ್-ಫರ್ಗಾನಿ ಅದರ ಉಸ್ತುವಾರಿ ನೋಡಿಕೊಂಡರೆಂದು ಇತಿಹಾಸ ಹೇಳುತ್ತದೆ. ಕಲ್ಲು ಕಟ್ಟಿದ ಆಳವಾದ ಬಾವಿ, ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ, ಕಂಬದ ಮೇಲೆ ಮೊಳದ ಗುರುತುಗಳು. ಬೇರೆ ಬೇರೆ ಎತ್ತರದ ಮೂರು ಸುರಂಗಗಳಿಂದ ನದಿಯ ನೀರು ಒಳಬರುತ್ತಿತ್ತು. ನೀರು 16 ಮೊಳ ಮುಟ್ಟಿದರೆ ಬೆಳೆಗೆ ಸಾಕು. ಆಗ ಕಾಲುವೆಯ ಒಡ್ಡು ಕಡಿಯುತ್ತಿದ್ದರು, ಭೂಕಂದಾಯವೂ ಶುರುವಾಗುತ್ತಿತ್ತು.

ಆ ಸಂಖ್ಯೆಯನ್ನು ಜನರಿಗೆ ಹೇಳಬೇಕೇ ಬೇಡವೇ ಎಂಬುದು ಅಲ್ಲಿಯೂ ದೊಡ್ಡ ಪ್ರಶ್ನೆಯಾಗಿತ್ತು. ನೀರು ಕಡಿಮೆ ಎಂದು ಗೊತ್ತಾದರೆ ವ್ಯಾಪಾರಿಗಳು ಧಾನ್ಯ ಬಚ್ಚಿಡುತ್ತಾರೆ, ಜನ ಗಾಬರಿಯಾಗುತ್ತಾರೆ ಎಂದು ಹತ್ತನೆಯ ಶತಮಾನದಲ್ಲಿ ಫಾತಿಮಿ ಖಲೀಫ ಅಲ್-ಮುಇಝ್ ಒಂದು ಆಜ್ಞೆ ಹೊರಡಿಸಿದರು. 16 ಮೊಳ ಆಗುವವರೆಗೆ ಮಟ್ಟವನ್ನು ಸಾರಬಾರದು, ತಮಗೂ ಸೇನಾಪತಿ ಜೌಹರ್‌ಗೂ ಮಾತ್ರ ತಿಳಿಸಬೇಕು ಎಂದು. ಇತಿಹಾಸಕಾರ ಅಲ್-ಮಕ್ರೀಝಿ ಇದನ್ನು ದಾಖಲಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಕಂಡದ್ದು ಇನ್ನೊಂದು ಚಿತ್ರ. ನೆರೆಯ ಕಾಲದಲ್ಲಿ ಮುನಾದಿ ಎಂಬ ಸಾರುವವನು ಪ್ರತಿದಿನ ಬೀದಿ ಬೀದಿ ಸುತ್ತಿ, ಮನೆಮನೆಯ ಬಾಗಿಲಲ್ಲಿ ಇಂದು ನೈಲ್ ಇಷ್ಟು ಏರಿದೆ ಎಂದು ಕೂಗುತ್ತಿದ್ದ. ಆದರೆ ಕಂದಾಯ ಬೇಗ ವಸೂಲಿ ಮಾಡಲು ಸರಕಾರ ನೀರು ನಿಜವಾಗಿ 16 ಮೊಳ ಆಗುವ ಮೊದಲೇ ಆಯಿತೆಂದು ಸಾರಿಸುತ್ತಿತ್ತು ಎಂದೂ ಲೇನ್ ಬರೆದಿದ್ದಾರೆ. ಅಳತೆಯನ್ನು ಮುಚ್ಚಿಡುವುದು ಒಂದು ಅನ್ಯಾಯವಾದರೆ ಅದನ್ನು ತಿದ್ದಿ ಹೇಳುವುದು ಇನ್ನೊಂದು.

ಹೀಗಿದ್ದೂ ನೈಲ್ ನದಿಗೆ ಒಂದು ಭಾಗ್ಯವಿತ್ತು. ಶತಮಾನಗಳ ಕಾಲ ಯಾರೋ ಒಬ್ಬರು ಪ್ರತಿ ವರ್ಷ ಬರೆದಿಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಹರ್ಸ್ಟ್ ಎಂಬವರು ಜಲಾಶಯ ಎಷ್ಟು ದೊಡ್ಡದಿರಬೇಕೆಂದು ತಿಳಿಯಲು ಆ ಹಳೆಯ ಲೆಕ್ಕಗಳನ್ನು ಕೂಡಿಸಿ ನೋಡಿದರು. ನೀರು ಹೆಚ್ಚಿದ ವರ್ಷಗಳು ಒಟ್ಟೊಟ್ಟಿಗೆ ಬರುತ್ತವೆ, ಬರಗಾಲದ ವರ್ಷಗಳೂ ಹಾಗೆಯೇ ಗುಂಪಾಗಿ ಬರುತ್ತವೆ ಎಂಬುದನ್ನು ಅವರು 1951ರಲ್ಲಿ ತೋರಿಸಿಕೊಟ್ಟರು. ಹತ್ತು ವರ್ಷದ ಲೆಕ್ಕ ಹಿಡಿದು ನದಿಯ ಸ್ವಭಾವ ತಿಳಿಯಿತೆನ್ನುವವರಿಗೆ ಇದರಲ್ಲಿ ಪಾಠವಿದೆ.

ನಮ್ಮ ಮನೆಬಾಗಿಲಿಗೇ ಬಂದರೆ, ಎತ್ತಿನಹೊಳೆಯ ವಿಚಾರವನ್ನು ನೋಡಿ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ಗಟ್ಟದ ತೊರೆಗಳ ನೀರು ಕುಮಾರಧಾರಾ ಮೂಲಕ ನೇತ್ರಾವತಿಗೆ ಬರುವಂಥದ್ದು. ಅದನ್ನು ಎತ್ತಿ ಪೂರ್ವದ ಬಯಲು ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯೋಜನೆಯ ಲೆಕ್ಕದಲ್ಲಿ ಸಿಗುವ ನೀರು 24.01 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಲ್ಲಿ 9.55 ಟಿಎಂಸಿ. ಅದೇ ಕಾಡು, ಅದೇ ಮಳೆ, ಲೆಕ್ಕ ಎರಡು. ಸಾಮಾನ್ಯ ಓದುಗರೂ ಕೈಲೆಕ್ಕ ಹಾಕಬಹುದು. ಆ ತೊರೆಗಳ ಜಲಾನಯನ ಸುಮಾರು 176 ಚದರ ಕಿಲೋಮೀಟರ್. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಆಕಾಶದಿಂದ ಬೀಳುವ ಒಟ್ಟು ನೀರೇ ಸುಮಾರು 25 ಟಿಎಂಸಿ. ಮರಗಳಿಗೆ ಎಷ್ಟು, ಮಣ್ಣಿಗೆ ಎಷ್ಟು, ಆವಿಯಾದದ್ದೆಷ್ಟು, ಬೇಸಗೆಯಲ್ಲಿ ತೊರೆ ಬತ್ತದಿರಲು ಎಷ್ಟು ಎಂಬುದನ್ನೆಲ್ಲ ಕಳೆಯಬೇಡವೇ?

ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ನಿಜ. ಆ ಸಂಕಟವನ್ನು ಲಘುವಾಗಿ ನೋಡುವುದು ಸಲ್ಲದು. ಅದಕ್ಕಾಗಿಯೇ ಲೆಕ್ಕ ಸರಿಯಿರಬೇಕು. ಇಲ್ಲದ ನೀರನ್ನು ಕಾಗದದಲ್ಲಿ ತೋರಿಸಿದರೆ ಮೊದಲು ಮೋಸ ಹೋಗುವವರು ಕೊಳವೆಯ ಆ ತುದಿಯಲ್ಲಿ ಕಾಯುತ್ತಿರುವವರೇ. ಆ ತೊರೆಗಳ ದಂಡೆಯಲ್ಲೇ ಮೂವತ್ತು ವರ್ಷ ನಿಂತು ಅಳೆದ ದಾಖಲೆ ಎಲ್ಲರ ಕಣ್ಣೆದುರು ಇದ್ದಿದ್ದರೆ ಕರಾವಳಿಗೂ ಬಯಲುಸೀಮೆಗೂ ನಡುವೆ ಇಷ್ಟು ಕಹಿ ಬೆಳೆಯುತ್ತಿತ್ತೇ?

ಅಳತೆ ಬೇಕಾಗುವುದು ನೆರೆಗೆ ಮಾತ್ರವಲ್ಲ. ಮಂಗಳೂರು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನು. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ಬೇಸಗೆಯ ಕೊನೆಗೆ ನಗರದಲ್ಲಿ ಪಾಳಿಯ ಮೇಲೆ ನೀರು ಬಿಡಬೇಕಾಯಿತು. 2019 ಎಂದರೆ ಅದೇ ವರ್ಷ ಗಮನಿಸಿ. ಮೇ ತಿಂಗಳಲ್ಲಿ ಕೊಡ ಹಿಡಿದು ಕಾದವರು ಆಗಸ್ಟಿನಲ್ಲಿ ನೆರೆಗೆ ಓಡಿದರು. ಗಟ್ಟದ ತೊರೆಗಳು ಜನವರಿಯಲ್ಲಿ ಎಷ್ಟು ಹರಿಯುತ್ತಿವೆ ಎಂದು ತಿಳಿದಿದ್ದರೆ ಮೇ ತಿಂಗಳ ಕಷ್ಟ ಮೊದಲೇ ಕಾಣುತ್ತಿತ್ತು. ಸಣ್ಣ ತೊರೆಯನ್ನು ಮಕ್ಕಳೂ ಅಳೆಯಬಲ್ಲರು. ತೊರೆಯ ಅಗಲ ನಾಲ್ಕು ಮೀಟರ್, ಸರಾಸರಿ ಆಳ ಅರ್ಧ ಮೀಟರ್ ಎನ್ನಿ. ಒಣ ತೆಂಗಿನಕಾಯಿಯೊಂದು ಹತ್ತು ಮೀಟರ್ ತೇಲಿಹೋಗಲು ಇಪ್ಪತ್ತು ಸೆಕೆಂಡು ತೆಗೆದುಕೊಂಡರೆ ಮೇಲ್ಮೈಯ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕೆಳಗಿನ ನೀರು ನಿಧಾನ, ಆದ್ದರಿಂದ ನೂರಕ್ಕೆ 85 ಪಾಲು ಹಿಡಿಯಬೇಕು. ಎರಡು ಚದರ ಮೀಟರಿನಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 850 ಲೀಟರ್. ನಮ್ಮ ಬಳಗದ ಮಕ್ಕಳು ಪ್ರತಿ ಜನವರಿಯಲ್ಲಿ ಇದನ್ನು ಮಾಡುತ್ತಾರೆ. ಶಾಲೆಯ ಗಣಿತಕ್ಕಿಂತ ಇದು ಅವರಿಗೆ ಇಷ್ಟ.

ಸರಕಾರ ಏನೂ ಮಾಡಿಲ್ಲ ಎಂದರೆ ಅದು ನ್ಯಾಯವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಕೇಂದ್ರ ಜಲ ಆಯೋಗ 2023ರ ಆಗಸ್ಟಿನಲ್ಲಿ ಫ್ಲಡ್‌ವಾಚ್ ಇಂಡಿಯಾ ಎಂಬ ಮೊಬೈಲ್ ಆ್ಯಪ್ ತಂದಿತು. ಆರಂಭದಲ್ಲಿ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಕೈರೋದ ಮುನಾದಿ ಕೂಗುತ್ತಿದ್ದುದು ಬೀದಿಯವರ ಭಾಷೆಯಲ್ಲಿ. ಉಮ್ಮನ ವಯಸ್ಸಿನವರಿಗೆ ಆ್ಯಪ್ ಅಲ್ಲ, ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಒಂದು ದನಿ ಬೇಕು. ಮಸೀದಿಯಲ್ಲಿ, ದೇವಸ್ಥಾನದಲ್ಲಿ, ಇಗರ್ಜಿಯಲ್ಲಿ ಧ್ವನಿವರ್ಧಕಗಳಿವೆ. ಮೇಲಿನ ಸಂಕದ ಮೂರು ಗೆರೆ ಮುಳುಗಿದ ಸುದ್ದಿ ಅವುಗಳಿಂದ ಹೊರಟರೆ ಯಾರಿಗೂ ಆಕ್ಷೇಪವಿರಲಾರದು.

ನಾವು ಕೇಳುವುದು ದೊಡ್ಡದೇನಲ್ಲ. ಗಟ್ಟದಿಂದ ಇಳಿಯುವ ಪ್ರತಿ ಉಪಹೊಳೆಗೂ ಒಂದು ಅಳತೆಪಟ್ಟಿ, ಸಂಕದ ಕೆಳಗೆ ನೀರಿಗೆ ತಾಗದೆ ಮಟ್ಟ ಓದುವ ಒಂದು ಯಂತ್ರ, ಅದು ಕೆಟ್ಟ ದಿನ ಕಣ್ಣಿಂದ ನೋಡಿ ಬರೆಯಲು ಊರಿನ ಒಬ್ಬರಿಗೆ ಸಣ್ಣ ಸಂಬಳ. ಬರೆದದ್ದು ಪಂಚಾಯತಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಅದು ಬರುವವರೆಗೆ, ಓದುಗರಲ್ಲಿ ಯಾರ ಮನೆಯ ಹತ್ತಿರ ಹೊಳೆ ಹರಿಯುತ್ತದೆಯೋ ಅವರು ಈ ಮಳೆಗಾಲದ ಮೊದಲು ಒಂದು ಡಬ್ಬಿ ಬಿಳಿ ಬಣ್ಣ ತಂದಿಟ್ಟುಕೊಳ್ಳಲಿ. ಹತ್ತಿರದ ಸಂಕಕ್ಕೆ ಗೆರೆ ಎಳೆಯಲಿ. ನೀರು ಅತಿ ಎತ್ತರಕ್ಕೆ ಬಂದ ದಿನ ಆ ಗುರುತಿನ ಪಕ್ಕದಲ್ಲಿ ತಾರೀಕು ಬರೆಯಲಿ. ತಾರೀಕಿಲ್ಲದ ಗುರುತನ್ನು ಮೊಮ್ಮಕ್ಕಳು ನಂಬುವುದಿಲ್ಲ.